ಬದುವಿನ ಹುಣಸೆ ಮರ ಕಡಿಸಬೇಕಾ? ಮಧುಗಿರಿ ಕಡೆಯ ಓದುಗರಿಗೆ ಉತ್ತರ

ಪ್ರಶ್ನೆ: ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ಮೂರೂವರೆ ಎಕರೆ ಖುಷ್ಕಿ ಜಮೀನಿದೆ. ರಾಗಿ, ಅವರೆ, ತೊಗರಿ ಹಾಕುತ್ತೇವೆ. ಬದುವಿನ ಮೇಲೆ ಎರಡು ದೊಡ್ಡ ಹುಣಸೆ, ನಾಲ್ಕು ಹೊಂಗೆ, ಒಂದು ಬೇವಿನ ಮರ ಇವೆ. ಮರದ ಕೆಳಗೆ ರಾಗಿ ಸರಿಯಾಗಿ ಬರುವುದಿಲ್ಲ. ಮರದ ವ್ಯಾಪಾರಿಯೊಬ್ಬರು ಎರಡೂ ಹುಣಸೆಗೆ ಒಟ್ಟಿಗೆ ದುಡ್ಡು ಕೊಡುತ್ತೇನೆ ಎಂದಿದ್ದಾರೆ. ನಮ್ಮ ಯಜಮಾನರು ಕಡಿಸಿಬಿಡೋಣ ಅನ್ನುತ್ತಾರೆ. "ಮರ ಊಟ ಹಾಕುತ್ತಾ?" ಅಂತ ಕೇಳುತ್ತಾರೆ. ನಮ್ಮ ಅತ್ತೆ ಮಾತ್ರ ಬೇಡವೇ ಬೇಡ ಅಂತಾರೆ. ಯಾರ ಮಾತು ಸರಿ?

ಉತ್ತರ: ನಿಮ್ಮ ಅತ್ತೆಯವರ ಮಾತು ಸರಿ. ಹಾಗಂತ ನಿಮ್ಮ ಯಜಮಾನರ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಮಳೆ ನಂಬಿ ಬದುಕುವವರಿಗೆ ಒಂದು ಸೇರು ರಾಗಿ ಕಮ್ಮಿಯಾದರೂ ನಷ್ಟವೇ. ಅದಕ್ಕೆ ಮೊದಲು ನಷ್ಟದ ಲೆಕ್ಕವನ್ನೇ ಹಾಕೋಣ.

ಮಧ್ಯಾಹ್ನ ಬಿಸಿಲು ನೆತ್ತಿಯ ಮೇಲಿರುವಾಗ ಒಂದು ಹಗ್ಗ ಹಿಡಿದು ಹುಣಸೆಯ ಬುಡದಿಂದ ನೆರಳಿನ ಅಂಚಿನ ತನಕ ಅಳೆಯಿರಿ. ದೊಡ್ಡ ಮರವಾದರೆ 20 ಅಡಿ ಬರಬಹುದು. ಅಂದರೆ ನೆರಳು ಬೀಳುವ ಜಾಗ ಸುಮಾರು 1,250 ಚದರ ಅಡಿ. ಗುಂಟೆ ಅಂದರೆ 1,089 ಚದರ ಅಡಿ. ಒಂದು ಗುಂಟೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೇರು ನೆರಳಿನಾಚೆಗೂ ನೀರು ಎಳೆಯುತ್ತದೆ, ಅದಕ್ಕೆ 30 ಅಡಿ ಅಂತಲೇ ಹಿಡಿಯಿರಿ. ಆಗ ಎರಡೂವರೆ ಗುಂಟೆ ಆಯಿತು. ಮರ ಬದುವಿನ ಮೇಲಿದೆ, ಹಾಗಾಗಿ ಅದರಲ್ಲಿ ಅರ್ಧ ಪಕ್ಕದವರ ಹೊಲ. ಆದರೂ ಪೂರ್ತಿ ನಿಮ್ಮದೇ ಅಂತ ಇಟ್ಟುಕೊಳ್ಳೋಣ. ಒಳ್ಳೆ ಮಳೆಯ ವರ್ಷ ಎಕರೆಗೆ 8 ಕ್ವಿಂಟಲ್ ರಾಗಿ ಆದರೆ ಗುಂಟೆಗೆ 20 ಕೆ.ಜಿ. ಆ ಎರಡೂವರೆ ಗುಂಟೆಯಲ್ಲಿ ಒಂದು ಕಾಳೂ ಬರಲಿಲ್ಲ ಅಂದರೂ ಹೋಗುವುದು 50 ಕೆ.ಜಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಂದು ಮರದಿಂದ ಹೆಚ್ಚೆಂದರೆ 2,450 ರೂಪಾಯಿಯ ರಾಗಿ ಹೋಯಿತು.

ಈಗ ಇನ್ನೊಂದು ಕಡೆ ನೋಡಿ. ಚೆನ್ನಾಗಿ ಬೆಳೆದ ಹುಣಸೆ ಮರ ಒಳ್ಳೆ ಫಸಲಿನ ವರ್ಷ 150 ಕೆ.ಜಿ. ಕಾಯಿ ಕೊಡುವುದು ಕಷ್ಟವಲ್ಲ. ಓಡು, ನಾರು, ಬೀಜ ತೆಗೆದರೆ ಹತ್ತಿರ ಹತ್ತಿರ 60 ಕೆ.ಜಿ. ಹಣ್ಣು ಉಳಿಯುತ್ತದೆ. ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಇಳಿಯುತ್ತದೆ, ಅದು ಹುಣಸೆಯ ಗುಣ. ಅರ್ಧಕ್ಕೆ ಇಳಿಸಿಯೇ ಲೆಕ್ಕ ಹಾಕಿ. ಬೆಲೆ ಪ್ರತಿ ವರ್ಷ ಏರಿಳಿಯುತ್ತದೆ, ಅದನ್ನು ನಾನು ಹೇಳುವುದಿಲ್ಲ. ಹೋದ ವರ್ಷ ನಿಮ್ಮ ಸಂತೆಯಲ್ಲಿ ಇದ್ದ ಬೆಲೆಗೆ ನೀವೇ ಗುಣಿಸಿ, ಯಜಮಾನರ ಮುಂದೆ ಇಡಿ.

ಆದರೆ ದುಡ್ಡಿನ ಲೆಕ್ಕ ಇಷ್ಟಕ್ಕೆ ಸಾಕು. ನಿಮ್ಮ ಅತ್ತೆಯವರು ಬೇಡ ಅನ್ನುತ್ತಿರುವುದು ದುಡ್ಡಿಗಾಗಿ ಅಲ್ಲ ಅನ್ನಿಸುತ್ತದೆ. ಅವರ ಮನಸ್ಸಿನಲ್ಲಿರುವುದು ತಿಂಗಳುಗಳ ಲೆಕ್ಕ.

ರಾಗಿ ಕಣಕ್ಕೆ ಬರುವುದು ಕಾರ್ತಿಕ ಕಳೆಯುವಾಗ. ಅವರೆ ಸೊಗಡು ಸಂಕ್ರಾಂತಿ ತನಕ. ಶಿವರಾತ್ರಿ ಹೊತ್ತಿಗೆ ಹೊಲ ಬರಿದು. ಅಲ್ಲಿಂದ ಮುಂಗಾರಿಗೆ ಹೊಲದಲ್ಲಿ ಸೊಪ್ಪು ಕಾಣುವ ತನಕ ನಾಲ್ಕೈದು ತಿಂಗಳು ಭೂಮಿ ಏನೂ ಕೊಡುವುದಿಲ್ಲ. ವಾಡೆಯಲ್ಲಿ ರಾಗಿ ಇರಬಹುದು. ಪಡಿತರ ಅಂಗಡಿಯ ಅಕ್ಕಿಯೂ ಬರುತ್ತದೆ. ಆದರೆ ಮುದ್ದೆಗೆ ಸಾರು ಬೇಕಲ್ವಾ? ಸಾರಿಗೆ ಹುಳಿ ಬೇಕು, ಸೊಪ್ಪು ಬೇಕು, ಒಲೆಗೆ ಸೌದೆ ಬೇಕು, ಕೊಟ್ಟಿಗೆಯ ಆಡಿಗೆ ಮೇವು ಬೇಕು. ಈ ಖಾಲಿ ತಿಂಗಳುಗಳಲ್ಲಿ ಇದನ್ನೆಲ್ಲ ಕೊಡುವುದು ಮರ.

ನಮ್ಮ ಸೀಮೆಯ ಮರಗಳು ಸರತಿಯಲ್ಲಿ ನಿಂತ ಹಾಗೆ ಒಂದಾದ ಮೇಲೆ ಒಂದು ಬರುತ್ತವೆ. ಶಿವರಾತ್ರಿಗೆ ಹುಣಸೆ ಹಣ್ಣು. ಎಲಚಿ ಹಣ್ಣು ಅದಕ್ಕೂ ಸ್ವಲ್ಪ ಮುಂಚೆ. ಯುಗಾದಿಗೆ ನುಗ್ಗೆಕಾಯಿ, ಬೇವಿನ ಹೂವು. ಆಮೇಲೆ ಮಾವು, ಹಲಸು. ಆರಿದ್ರಾ ಮಳೆ ಹೊತ್ತಿಗೆ ನೇರಳೆ. ಗೌರಿ ಹಬ್ಬದಿಂದ ದಸರಾ ತನಕ ಬೆಟ್ಟದ ಸೀತಾಫಲ. ಮಳೆಗಾಲ ಕಳೆದ ಮೇಲೆ ನೆಲ್ಲಿ. ನಡುನಡುವೆ ಕಾರೆ ಹಣ್ಣು, ಕವಳೆ ಹಣ್ಣು, ಈಚಲು, ಬೇಲ. ಇವುಗಳಲ್ಲಿ ಜಾಸ್ತಿ ಪಾಲು ಅಡುಗೆಮನೆಗೂ ಬರುವುದಿಲ್ಲ. ಕುರಿ ಮೇಯಿಸುವ ಹುಡುಗರ ಜೇಬಿನಲ್ಲೇ ಮುಗಿಯುತ್ತವೆ. ಅದಕ್ಕೇ ಯಾವ ಲೆಕ್ಕದ ಪುಸ್ತಕದಲ್ಲೂ ಕಾಣುವುದಿಲ್ಲ.

ಹುಣಸೆ ಚಿಗುರಿನ ಸಾರು ನಿಮಗೆ ಗೊತ್ತೇ ಇರುತ್ತದೆ. ಯುಗಾದಿ ಕಳೆದ ಮೇಲೆ ಹಳೆ ಎಲೆ ಉದುರಿ ತುದಿಯಲ್ಲಿ ಕೆಂಪು ಕೆಂಪಾಗಿ ಚಿಗುರು ಬರುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಬೆರಳ ತುದಿಯಲ್ಲಿ ಚಿವುಟಿ ಮಡಿಲಿಗೆ ಹಾಕಿಕೊಳ್ಳಬೇಕು. ನೆರಳಿನಲ್ಲಿ ಸ್ವಲ್ಪ ಹೊತ್ತು ಹರಡಿ, ಎರಡು ಅಂಗೈ ನಡುವೆ ತಿಕ್ಕಿದರೆ ಕಡ್ಡಿ ಬೇರೆಯಾಗುತ್ತದೆ. ಮೊರದಲ್ಲಿ ಒಮ್ಮೆ ಕೇರಿದರೆ ಉಳಿಯುವುದು ಬರೀ ಎಲೆ. ತೊಗರಿಬೇಳೆ ಬೆಂದ ಮೇಲೆ ಅದನ್ನು ಹಾಕಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಬೇರೆ ಹುಳಿಯೇ ಬೇಡ. ಹೊಲದಲ್ಲಿ ಒಂದು ಹಸಿರು ಎಲೆ ಇಲ್ಲದ ಚೈತ್ರದಲ್ಲಿ ಅದು ತಾಜಾ ಸೊಪ್ಪಿನ ಊಟ. ನಿಮ್ಮ ಯಜಮಾನರು ಕೇಳಿದ ಪ್ರಶ್ನೆಗೆ ಉತ್ತರ ಆ ತಟ್ಟೆಯಲ್ಲಿದೆ. ಚಿಕ್ಕಂದಿನಲ್ಲಿ ಅವರೂ ಅದನ್ನು ಉಂಡೇ ಇರುತ್ತಾರೆ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನು ಚಿಕ್ಕವನಿದ್ದಾಗ ಅಕ್ಕನ ಮದುವೆ ಖರ್ಚಿಗೆ ನಮ್ಮ ಮನೆಯವರು ಹೊಲದ ಹುಣಸೆ ಮರ ಮಾರಿದರು. ಆ ದುಡ್ಡು ಮದುವೆಯ ವಾರದಲ್ಲೇ ಮುಗಿಯಿತು. ಮುಂದಿನ ವರ್ಷ ಮಳೆ ಕೈಕೊಟ್ಟಿತು. ಅಮ್ಮ ಪಕ್ಕದ ಮನೆಗೆ ಹುಣಸೆಹಣ್ಣು ಕಡ ಕೇಳಲು ಹೋಗುತ್ತಿದ್ದುದು ನನಗಿನ್ನೂ ನೆನಪಿದೆ. ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಿದ್ದರು. ಹಿಂದಿನ ವರ್ಷದ ತನಕ ಅದೇ ಮನೆಗೆ ನಾವೇ ಒಂದು ಉಂಡೆ ಹುಣಸೆಹಣ್ಣು ಕೊಟ್ಟು ಬರುತ್ತಿದ್ದೆವು. ಆ ಜಾಗದಲ್ಲಿ ರಾಗಿ ಹಾಕಿದೆವು, ಬಂದಿತು. ಆದರೆ ಮಳೆ ಬಂದ ವರ್ಷ ಮಾತ್ರ.

ಮಳೆ ಬಾರದ ವರ್ಷದ್ದೇ ಇಲ್ಲಿ ಮುಖ್ಯ ವಿಷಯ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ರಾಗಿಗೆ ತೆನೆ ಕಟ್ಟುವ ಹೊತ್ತಿಗೆ ಎರಡು ಮಳೆ ತಪ್ಪಿದರೆ ವರ್ಷವೇ ಹೋಯಿತು. ಅದರ ಬೇರು ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ. ಹುಣಸೆಯ ಬೇರು ಅದಕ್ಕಿಂತ ತುಂಬಾ ಆಳಕ್ಕೆ ಹೋಗಿ, ಹಿಂದಿನ ವರ್ಷಗಳ ಮಳೆ ನೀರನ್ನೂ ಕುಡಿಯುತ್ತದೆ. ಬರಗಾಲದಲ್ಲಿ ಫಸಲು ಕಡಿಮೆಯಾಗಬಹುದು, ಪೂರ್ತಿ ಇಲ್ಲ ಅನ್ನುವುದು ಅಪರೂಪ. ನಿಮ್ಮ ಹೊಲದಲ್ಲಿ ಎರಡು ಬಗೆಯ ಬೆಳೆ ಇದೆ ಅಂತ ತಿಳಿಯಿರಿ. ಒಂದು ಈ ವರ್ಷದ ಮಳೆಗೆ ಬರುವುದು, ಇನ್ನೊಂದು ಬಹಳ ವರ್ಷಗಳ ಮಳೆಗೆ ಬರುವುದು. ಎರಡೂ ಒಂದೇ ವರ್ಷ ಕೈಬಿಡುವುದು ಕಡಿಮೆ.

ಇನ್ನು ತಟ್ಟೆಯಲ್ಲಿ ಏನಿರುತ್ತದೆ ಅನ್ನುವುದೂ ಮುಖ್ಯ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47 ಜನಕ್ಕೂ ಹೆಚ್ಚು ರಕ್ತಹೀನತೆ ಕಂಡುಬಂದಿದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ನೂರಕ್ಕೆ 65. ಅನ್ನ ಇಲ್ಲದೆ ಬಂದದ್ದು ಮಾತ್ರವಲ್ಲ ಇದು. ಸೊಪ್ಪು, ಹಣ್ಣು, ಬೇಳೆ ಕಡಿಮೆಯಾದ ತಟ್ಟೆಯಿಂದಲೂ ಬರುತ್ತದೆ. ರಾಗಿಯಲ್ಲಿ ಕಬ್ಬಿಣದ ಅಂಶ ಇದೆ, ಆದರೆ ಅದನ್ನು ಮೈ ಪೂರ್ತಿ ಹೀರಿಕೊಳ್ಳಲು ಬಿಡದ ಒಗರಿನ ಅಂಶಗಳೂ ಅದರಲ್ಲೇ ಇವೆ. ಊಟದ ಜೊತೆಗೆ ವಿಟಮಿನ್ ಸಿ ಇದ್ದರೆ ಹೀರಿಕೊಳ್ಳುವುದು ಸುಲಭ. ಒಂದು ಸೀಬೆಹಣ್ಣೋ ಒಂದು ನೆಲ್ಲಿಕಾಯಿಯೋ ಆ ಕೆಲಸ ಮಾಡುತ್ತದೆ. ನುಗ್ಗೆ ಸೊಪ್ಪಂತೂ ಹಿತ್ತಲಲ್ಲೇ ಇರಬೇಕಾದದ್ದು. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 300 ಮಿಲಿಗ್ರಾಂಗೂ ಮೇಲೆ ಸುಣ್ಣದಂಶ ಇದೆ. ಕಣ್ಣಿಗೆ ಬೇಕಾದ ವಿಟಮಿನ್ ಎ ಕೂಡ ಧಾರಾಳ. ನಿಮ್ಮ ಪತ್ರದಲ್ಲಿ ನುಗ್ಗೆಯ ಹೆಸರೇ ಇಲ್ಲ. ಇಲ್ಲದಿದ್ದರೆ ಈ ಮುಂಗಾರಿಗೇ ಹಾಕಿ.

ಹಾಗಂತ ಎಲ್ಲ ಮರವೂ ಊಟ ಹಾಕುವುದಿಲ್ಲ. ನೀಲಗಿರಿಯ ಕಥೆ ನಮ್ಮ ಸೀಮೆಗೆಲ್ಲ ಗೊತ್ತು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿಗಳು ಲಕ್ಷಗಟ್ಟಲೆ ಬಂದವು. ಕೋಲಾರದ ಕಡೆ ರಾಗಿ ಬೆಳೆಯುತ್ತಿದ್ದ ಹೊಲಗಳೇ ನೀಲಗಿರಿ ತೋಪುಗಳಾದವು. ಅದರ ಎಲೆಯನ್ನು ಆಡು ಮುಟ್ಟುವುದಿಲ್ಲ, ಅದರಲ್ಲಿ ತಿನ್ನುವ ಹಣ್ಣಿಲ್ಲ, ಕೂಲಿಯೂ ಕಡಿಮೆ. ಕಡಿದು ಲಾರಿಗೆ ತುಂಬಿದ ದಿನ ಮಾತ್ರ ದುಡ್ಡು. ಹೊಲದ ಯಜಮಾನರಿಗೆ ಅದು ಆಗಿಬಂದಿರಬಹುದು. ಆದರೆ ಕೂಲಿಗೆ ಹೋಗುವವರ ಮನೆಯ ರಾಗಿ, ಹುಲ್ಲು, ಸೊಪ್ಪು ಮೂರೂ ಹೋಯಿತು. 1983ರಲ್ಲಿ ನಮ್ಮ ತುಮಕೂರು ಜಿಲ್ಲೆಯಲ್ಲೇ ರೈತರು ಗುಂಪಾಗಿ ನರ್ಸರಿಗೆ ಹೋಗಿ ನೀಲಗಿರಿ ಸಸಿ ಕಿತ್ತುಹಾಕಿದರು. ಕಿತ್ತು ಸುಮ್ಮನೆ ಬರಲಿಲ್ಲ, ಆ ಜಾಗದಲ್ಲಿ ಹುಣಸೆ ಬೀಜ, ಮಾವಿನ ಓಟೆ ಹಾಕಿ ಬಂದರು. ನನಗೆ ಈ ಸಂಗತಿ ಬಹಳ ದೊಡ್ಡದು ಅನ್ನಿಸುತ್ತದೆ. ಮರ ಬೇಡ ಅಂತ ಅವರು ಹೇಳಲಿಲ್ಲ. ತಿನ್ನುವ ಮರ ಬೇಕು ಅಂದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಾಗಾಗಿ ಹುಣಸೆ ಕಡಿದು ನೀಲಗಿರಿ ಹಾಕಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಹಳೆ ಮೈಸೂರು ಸೀಮೆಯ ಊರೂರಿಗೂ ಗುಂಡುತೋಪು ಇತ್ತು. ಮಾವು, ಹುಣಸೆ, ಹಲಸು, ನೇರಳೆ, ಹಿಪ್ಪೆ, ಹೊಂಗೆ ಅಲ್ಲಿರುತ್ತಿದ್ದವು. ಜಮೀನಿಲ್ಲದವರಿಗೂ ಉದುರಿದ ಹಣ್ಣು, ಒಣಗಿದ ಪುಳ್ಳೆ ಅಲ್ಲಿ ಸಿಗುತ್ತಿತ್ತು. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು ಒಮ್ಮೆ ನೋಡಿ ಬನ್ನಿ. 54 ಎಕರೆಯ ಆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಿದರು, ದೇಶದಲ್ಲೇ ಅದು ಮೊದಲನೆಯದು. ನಿಮ್ಮ ಊರಿನ ಗುಂಡುತೋಪು ಈಗ ಹೇಗಿದೆ? ಕಂದಾಯ ದಾಖಲೆಯಲ್ಲಿ ಗುಂಡುತೋಪು ಅಂತ ಇದ್ದು ಮರವೇ ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ. ನಿಮ್ಮ ಸ್ವಸಹಾಯ ಸಂಘದವರೆಲ್ಲ ಒಟ್ಟಿಗೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಬೆಟ್ಟದ ಕಾಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಮಧುಗಿರಿಯವರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜಯಮಂಗಲಿ ನದಿ ಹುಟ್ಟುವುದು ದೇವರಾಯನದುರ್ಗದ ಬೆಟ್ಟದಲ್ಲಿ. ಕೊರಟಗೆರೆ ದಾಟಿ ನಿಮ್ಮ ಕಡೆಗೆ ಬರುತ್ತದೆ. ನಿಮ್ಮ ಸೀಮೆಯ ತಲಪರಿಗೆಗಳು ಬೋರ್‌ವೆಲ್ ಬರುವುದಕ್ಕೆ ಬಹಳ ಹಿಂದಿನಿಂದ ಗದ್ದೆಗೆ ನೀರು ಕೊಟ್ಟವು. ಮರಳಿನ ಅಡಿಯಿಂದ ಒಸರುವ ನೀರು ಅದು, ಯಾವ ಮೋಟರೂ ಬೇಕಿರಲಿಲ್ಲ. ಊರವರು ಸೇರಿ ಹೂಳು ತೆಗೆದು ಕಾಪಾಡುತ್ತಿದ್ದರು. ಮೇಲೆ ಬೆಟ್ಟದಲ್ಲಿ ಗಿಡಮರ, ಹುಲ್ಲು ಇದ್ದರೆ ಮಳೆ ನೀರು ನಿಧಾನಕ್ಕೆ ಇಂಗಿ ಕೆಳಗೆ ಒಸರುತ್ತದೆ. ಬೋಳು ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಒಂದೇ ದಿನದಲ್ಲಿ ಹರಿದುಹೋಗಿ ಕೆರೆಗೆ ಹೂಳು ತುಂಬುತ್ತದೆ. ಕೊಳವೆಬಾವಿ, ಮರಳು ಸಾಗಣೆ ತಲಪರಿಗೆಗೆ ಮಾಡಿದ ಹಾನಿ ದೊಡ್ಡದು, ಎಲ್ಲವನ್ನೂ ಕಾಡಿನ ಮೇಲೆ ಹೊರಿಸುವಂತಿಲ್ಲ. ಆದರೆ ಪ್ರತಿ ಬೇಸಿಗೆ ಹೊಸ ಹುಲ್ಲು ಬರಲಿ ಅಂತ ಬೆಟ್ಟಕ್ಕೆ ಬೆಂಕಿ ಹಾಕುತ್ತಾರಲ್ಲ, ಅದನ್ನು ನಿಲ್ಲಿಸುವುದು ನಮ್ಮ ಕೈಯಲ್ಲೇ ಇದೆ. ಆ ಬೆಂಕಿಯಲ್ಲಿ ಸೀತಾಫಲದ ಎಳೆ ಗಿಡ, ಕಾರೆ, ಕವಳೆ ಎಲ್ಲ ಸುಡುತ್ತವೆ.

ಜೇನು, ಹಕ್ಕಿಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಹೊಂಗೆ, ಬೇವು, ಹುಣಸೆ ಬೇಸಿಗೆಯಲ್ಲಿ ಹೂ ಬಿಡುವುದರಿಂದ ಹೊಲದಲ್ಲಿ ಹೂವಿಲ್ಲದ ದಿನಗಳಲ್ಲೂ ಜೇನು ಉಳಿಯುತ್ತದೆ. ಅದೇ ಜೇನು ಮುಂದೆ ನಿಮ್ಮ ಹುಚ್ಚೆಳ್ಳಿಗೆ, ಕುಂಬಳಕ್ಕೆ, ಸೋರೆಗೆ ಬೇಕು. ಮರದ ಮೇಲೆ ಕೂರುವ ಕಾಜಾಣ, ಗೊರವಂಕ ಅವರೆ, ತೊಗರಿಯ ಹುಳು ಹಿಡಿದು ತಿನ್ನುತ್ತವೆ.

ಈಗ ನೀವು ಮಾಡಬೇಕಾದ ಕೆಲಸಕ್ಕೆ ಬರೋಣ. ರಾಗಿ ಬರುತ್ತಿಲ್ಲ ಅನ್ನುವ ತೊಂದರೆ ನಿಜ. ಅದಕ್ಕೆ ಕೊಡಲಿ ಬೇಡ, ಮಚ್ಚು ಸಾಕು.

ಹುಣಸೆ ಹಣ್ಣು ಇಳಿಸಿದ ಮೇಲೆ ಹೊಲದ ಕಡೆಗೆ ಬಾಗಿದ ಕೆಳಗಿನ ಕೊಂಬೆ, ಒಣ ಕೊಂಬೆಗಳನ್ನು ಸವರಿಸಿ. ನೆಲದಿಂದ ಎಂಟು ಹತ್ತು ಅಡಿ ಬುಡ ಬೋಳಾಗಿದ್ದರೆ ಬೆಳಿಗ್ಗೆ, ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆ. ಮೇಲಿನ ಕೊಂಬೆ ಮುಟ್ಟಬೇಡಿ. ಹುಣಸೆ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಅದನ್ನು ಬೋಳಿಸಿದರೆ ಆ ವರ್ಷದ ಫಸಲು ಹೋಯಿತು. ಹೊಂಗೆಗೆ ಈ ಭಯವಿಲ್ಲ. ಬಿತ್ತನೆಗೆ ಎರಡು ಮೂರು ವಾರ ಮುಂಚೆ ಚೆನ್ನಾಗಿ ಸವರಿ, ಸೊಪ್ಪನ್ನು ಹೊಲಕ್ಕೆ ಹರಡಿ ಉಳುಮೆ ಮಾಡಿ. ನೆರಳೂ ಕಮ್ಮಿಯಾಯಿತು, ಗೊಬ್ಬರವೂ ಆಯಿತು. ದುಡ್ಡು ಕೊಟ್ಟು ತರುವ ಯೂರಿಯಾದಲ್ಲಿ ಸ್ವಲ್ಪ ಉಳಿಯುತ್ತದೆ. ಒಂದು ಮರವನ್ನಾದರೂ ಸವರದೆ ಬಿಡಿ, ಜೇನಿಗೆ ಹೂ ಬೇಕು, ನಿಮಗೆ ಹೊಂಗೆ ಬೀಜ ಬೇಕು.

ಬೇರಿನ ಕಾಟ ಜಾಸ್ತಿ ಅನ್ನಿಸಿದರೆ ಹುಣಸೆಯ ಬುಡದಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ, ಬದುವಿನ ಉದ್ದಕ್ಕೆ, ಒಂದು ಅಡಿ ಅಗಲ ಎರಡು ಅಡಿ ಆಳದ ಕಾಲುವೆ ತೋಡಿಸಿ. ಮೇಲ್ಮಟ್ಟದ ಬೇರು ಕತ್ತರಿಸಿಹೋಗುತ್ತದೆ, ಆಳದ ಬೇರಿಗೆ ಏನೂ ಆಗುವುದಿಲ್ಲ. ಆ ಕಾಲುವೆಗೆ ತರಗೆಲೆ ತುಂಬಿಸಿ, ಮಳೆ ನೀರು ಅಲ್ಲೇ ಇಂಗಲಿ. ಒಂದೇ ವರ್ಷ ಎರಡೂ ಕಡೆ ತೋಡಬೇಡಿ, ಗಾಳಿಗೆ ಮರ ಬಿದ್ದೀತು. ಬುಡದ ಒಂದು ಗುಂಟೆಯಲ್ಲಿ ರಾಗಿ ಹಾಕುವ ಹಟ ಬಿಡಿ. ಬೇಸಿಗೆಯಲ್ಲಿ ದನ, ಆಡು ಅಲ್ಲಿ ಕಟ್ಟಿ, ತಿಪ್ಪೆಗುಂಡಿ ಅಲ್ಲೇ ಮಾಡಿ.

ಹೊಸ ಗಿಡ ನೆಡುವುದಾದರೆ ಉತ್ತರದ ಬದು ನೋಡಿ. ರಾಗಿ ತೆನೆ ಕಟ್ಟುವ ಕಾಲಕ್ಕೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಮಧ್ಯಾಹ್ನದ ನೆರಳು ಉತ್ತರಕ್ಕೆ ಬೀಳುತ್ತದೆ. ಉತ್ತರದ ಬದುವಿನ ಮರ ನಿಮ್ಮ ಪೈರಿಗೆ ಅಡ್ಡ ಬರುವುದಿಲ್ಲ. ಆದರೆ ಆಚೆ ಹೊಲ ಬೇರೆಯವರದ್ದಾದರೆ ಮೊದಲು ಅವರ ಜೊತೆ ಮಾತಾಡಿ, ಸೀತಾಫಲ, ನೆಲ್ಲಿಯಂಥ ಸಣ್ಣ ಮರವನ್ನೇ ಹಾಕಿ. ಮನೆಯ ಹಿಂದೆ ಪಾತ್ರೆ ತೊಳೆದ ನೀರು ಹರಿಯುವ ಕಡೆ ಕರಿಬೇವು, ಸೀಬೆ, ನುಗ್ಗೆ. ನುಗ್ಗೆಗೆ ಮಳೆಗಾಲದಲ್ಲಿ ಕಂಬಳಿಹುಳು ಬರುತ್ತದೆ, ಅದಕ್ಕೆ ಬಾಗಿಲಿಗೆ ತಾಗಿಕೊಂಡು ಬೇಡ. ಮೂಲೆಯಲ್ಲಿ ಜಾಗವಿದ್ದರೆ ಒಂದು ಹಲಸು. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರೊಬ್ಬರ ಜಮೀನಿನಲ್ಲಿದ್ದ ಕೆಂಪು ತೊಳೆಯ ಹಲಸಿನ ಮರವನ್ನು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿದರು. ಅದೇ ಈಗ 'ಸಿದ್ದು ಹಲಸು' ಅಂತ ಹೆಸರಾಗಿದೆ, ಅದರ ಕಸಿ ಗಿಡಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಯಾರೋ ಕಡಿಯದೆ ಉಳಿಸಿಕೊಂಡ ಒಂದೇ ಮರ ಅದು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಪಡೆದು ನೆಟ್ಟರೆ, ಬದುಕಿ ಉಳಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ ಕಂತಿನ ಮೇಲೆ ಪ್ರೋತ್ಸಾಹಧನ ಬರುತ್ತದೆ. ಮಧುಗಿರಿಯ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಬೇಸಿಗೆಯಲ್ಲೇ ಹೆಸರು ಬರೆಸಿ. ಮಳೆ ಬಂದ ಮೇಲೆ ಹೋದರೆ ಒಳ್ಳೆ ಸಸಿ ಖಾಲಿಯಾಗಿರುತ್ತದೆ.

ಯಜಮಾನರಿಗೆ ಇದನ್ನೂ ಹೇಳಿ. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ ಉಳಿದವಕ್ಕೆ ಕಡಿಯುವ ಮೊದಲು ಅನುಮತಿ ಬೇಕು. "ಎಲ್ಲ ನಾವು ನೋಡಿಕೊಳ್ಳುತ್ತೇವೆ" ಅಂತ ವ್ಯಾಪಾರಿ ಹೇಳಬಹುದು. ನಾಳೆ ಕೇಸಾದರೆ ಪಹಣಿಯಲ್ಲಿರುವುದು ನಿಮ್ಮ ಹೆಸರು. ದುಡ್ಡಿನ ಅಗತ್ಯ ನಿಜವಾಗಿ ಇದ್ದರೆ ಮರ ಮಾರಬೇಡಿ, ಈ ವರ್ಷದ ಫಸಲನ್ನು ಗುತ್ತಿಗೆ ಕೊಡಿ. ಆದರೆ ಹೂವಿನಲ್ಲೇ ಕೊಡಬೇಡಿ, ಕಾಯಿ ಬಲಿತ ಮೇಲೆ ಕೊಡಿ, ಆಗ ಬೆಲೆ ನಿಮಗೂ ಕಾಣುತ್ತದೆ. ಮನೆಗೆ ಬೇಕಾದಷ್ಟು ಹಣ್ಣನ್ನು ಮೊದಲೇ ತೆಗೆದಿಡುವ ಮಾತು ಮಾಡಿಕೊಳ್ಳಿ.

ಇನ್ನೊಂದು ಕೆಲಸ ಇದೆ, ಅದನ್ನು ಅತ್ತೆಯವರ ಜೊತೆಯಲ್ಲಿ ಮಾಡಿ. ಎರಡು ಹುಣಸೆಯಲ್ಲಿ ಯಾವುದರ ಹಣ್ಣಿಗೆ ತಿರುಳು ಜಾಸ್ತಿ, ಯಾವುದು ತಪ್ಪದೆ ಫಸಲು ಕೊಡುತ್ತದೆ, ಯಾವುದರ ಹುಳಿ ಸಾರಿಗೆ ಚೆನ್ನ ಅಂತ ಅವರನ್ನು ಕೇಳಿ, ಆ ಮರದ ಬುಡಕ್ಕೆ ಸುಣ್ಣದ ಗುರುತು ಹಾಕಿ. ಬೀಜದಿಂದ ಬಂದ ಹುಣಸೆ ಫಲ ಕೊಡಲು ಎಂಟು ಹತ್ತು ವರ್ಷ ಬೇಕು, ತಾಯಿಯ ಗುಣ ಬರುತ್ತದೆ ಅಂತಲೂ ಹೇಳುವಂತಿಲ್ಲ. ಕಸಿ ಗಿಡ ನಾಲ್ಕೈದು ವರ್ಷಕ್ಕೆ ಶುರು ಮಾಡುತ್ತದೆ. ತುಮಕೂರಿನ ಹತ್ತಿರ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕಸಿ ಕಟ್ಟುವ ಬಗ್ಗೆ ವಿಚಾರಿಸಿ. ಹೋಗುವಾಗ ಅತ್ತೆಯವರು ತೋರಿಸಿದ ಮರದ ಹಣ್ಣು ನಾಲ್ಕನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.